ಆ ಕಾಲೇಜಿನ ಒಂದು ಮಂಗಳವಾರ

ಪಿಯುಸಿ ಫಲಿತಾಂಶ ಬಂದಿದ್ದೇ ತಡ, ನಿಮ್ಮ ಮನೆಗೆ ಎರಡು ಫೋನ್ ಬಂದವಂತೆ. ಒಂದು, ದೊಡ್ಡ ಹೆಸರಿನ ಕಾಲೇಜಿನ ಕೋಚ್‌ದು. ಫೀಸಿಲ್ಲ, ಹಾಸ್ಟೆಲ್ ಉಚಿತ, ಶೂ, ಟ್ರ್ಯಾಕ್‌ಸೂಟ್ ಎಲ್ಲ ನಮ್ಮದೇ, ಬಿಎಗೆ ಸೇರಿಬಿಡು ಅಂದರು. ಇನ್ನೊಂದು, ನಿನ್ನ ಸೋದರಮಾವನದು. ಸಿಇಟಿ ರ‍್ಯಾಂಕ್ ಪರವಾಗಿಲ್ಲ, ಎಂಜಿನಿಯರಿಂಗ್ ಸೀಟು ಸಿಗುತ್ತದೆ, ಓಟ ಗೀಟ ಇನ್ನು ಸಾಕು ಅಂದರು. ನೀನು ಮೊದಲನೆಯ ಫೋನಿಗೆ ಅರ್ಧ ಗಂಟೆಯಲ್ಲಿ ಹೂಂ ಅಂದು, ಎರಡನೆಯದಕ್ಕೆ ಮುಖ ಊದಿಸಿಕೊಂಡು ಕೂತೆ. ಅರ್ಧ ಗಂಟೆಯೇ ಮಗು? 400 ಮೀಟರ್ ಓಡುವ ಮುಂಚೆ ವಾರ್ಮ್ ಅಪ್ ಮಾಡುವುದಕ್ಕೇ ನೀನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೀಯ. ಮೂರು ವರ್ಷದ ಬದುಕಿನ ಮಾತಿಗೆ ಅಷ್ಟೂ ಬೇಡವೇ?

ನಾನು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು. ಕೊರಳಲ್ಲಿ ವಿಷಲ್ಲು, ಕೈಯಲ್ಲಿ ಸ್ಟಾಪ್‌ವಾಚು ಹಿಡಿದೇ ತಲೆ ಬೆಳ್ಳಗಾಯಿತು. ಆದ್ದರಿಂದ ತಾತ ನನ್ನ ಪರವೇ ಮಾತಾಡುತ್ತಾರೆ ಅಂದುಕೊಂಡು ಬಂದಿದ್ದೀಯ. ಮಾತಾಡುತ್ತೇನೆ. ಓಟ ಬಿಡು ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಆದರೆ ನಿನ್ನ ಆತುರದ ಪರ ನಾನಿಲ್ಲ. ಆ ಮೊಬೈಲನ್ನು ಸ್ವಲ್ಪ ಬೋರಲು ಹಾಕಿ ಕೇಳು.

ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಮಾವ ಹೇಳಿದ್ದಾರಲ್ಲ, ಅವರ ಕಾಳಜಿ ನಿಜ. ಆದರೆ ನಮ್ಮ ನಾಡಿನಲ್ಲೇ ಕಣ್ಣೆದುರು ನಡೆದದ್ದು ಬೇರೆ. ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿ. ಅಲ್ಲಿಂದ ಬಂದು ಪದವಿ ಮುಗಿಸಿದರು, 619 ಟೆಸ್ಟ್ ವಿಕೆಟ್ಟನ್ನೂ ತೆಗೆದರು. ಜಾವಗಲ್ ಶ್ರೀನಾಥ್ ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. 2010ರಲ್ಲಿ ಇವರಿಬ್ಬರೇ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ, ಕಾರ್ಯದರ್ಶಿಗಳಾದರು. ಅಲ್ಲಿ ಬಜೆಟ್ಟು, ಕಾಗದಪತ್ರ, ಕಟ್ಟಡದ ನಕ್ಷೆ ನೋಡಬೇಕಾದಾಗ ಓದಿದ ತಲೆ ಕೆಲಸಕ್ಕೆ ಬಾರದೆ ಇರುತ್ತದೆಯೇ?

ಇನ್ನೊಬ್ಬರಿದ್ದಾರೆ, ನಿನ್ನ ಪೀಳಿಗೆ ಮರೆತ ಹೆಸರು: ಎರಪಳ್ಳಿ ಪ್ರಸನ್ನ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ. ಆಮೇಲೆ ಎಂಜಿನಿಯರಿಂಗ್ ಮುಗಿಸಲು ಆಟದಿಂದ ದೂರ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ! ಮರಳಿ ಬಂದವರು 20ನೆಯ ಟೆಸ್ಟಿಗೇ ನೂರು ವಿಕೆಟ್ ದಾಟಿದರು. ಒಟ್ಟು 49 ಟೆಸ್ಟ್, 189 ವಿಕೆಟ್. ನಿನ್ನ ಮಾವ ಈ ಕಥೆ ಕೇಳಿದರೆ, ನೋಡು, ಮೊದಲು ಓದು, ಆಮೇಲೆ ಆಟ ಅಂತ ಕುಣಿದಾಡುತ್ತಾರೆ. ಅವರಿಗೆ ನಾನೇ ಹೇಳುತ್ತೇನೆ, ಇದು ನಿನಗೆ ಹೊಂದುವ ಕಥೆಯಲ್ಲ. ಸ್ಪಿನ್ ಬೌಲರ್‌ಗೆ ವಯಸ್ಸು ಕೂಡಿ ಬರುತ್ತದೆ, ಬುದ್ಧಿ ಮಾಗಿದಷ್ಟೂ ಚೆಂಡು ಹೆಚ್ಚು ತಿರುಗುತ್ತದೆ. ನೀನು 400 ಮೀಟರ್ ಓಡುವ ಮಗು. ಹದಿನೆಂಟರಿಂದ ಇಪ್ಪತ್ತಾರರವರೆಗಿನ ವರ್ಷಗಳೇ ನಿನ್ನ ಕಾಲಿನ ವರ್ಷಗಳು. ಅವನ್ನು ಕಪಾಟಿನಲ್ಲಿಟ್ಟು ಆಮೇಲೆ ತೆಗೆದು ಬಳಸುತ್ತೇನೆ ಅಂದರೆ ಆಗದು. ಅಂದಮೇಲೆ ನಿನಗೆ ಉಳಿಯುವುದು ಕುಂಬ್ಳೆಯ ದಾರಿ. ಎರಡೂ ಒಟ್ಟಿಗೆ, ಅಕ್ಕಪಕ್ಕದಲ್ಲಿ. ಅದಕ್ಕೇ ನಿನ್ನ ಪಾಲಿಗೆ ಯಾವ ಕಾಲೇಜು ಎಂಬುದು ರ‍್ಯಾಂಕಿನ ಪ್ರಶ್ನೆಯೂ ಅಲ್ಲ, ಪದಕದ ಪ್ರಶ್ನೆಯೂ ಅಲ್ಲ. ಅಲ್ಲಿನ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತದೆ ಎಂಬುದೇ ಪ್ರಶ್ನೆ.

ನೀನು ಆ ದೊಡ್ಡ ಕಾಲೇಜನ್ನು ನೋಡಿದ್ದು ಬಹುಮಾನ ವಿತರಣೆಯ ಫೋಟೋದಲ್ಲಿ. ಹಾರ, ಕಪ್ಪು, ಮಂತ್ರಿಗಳ ಪಕ್ಕ ನಿಂತ ತಂಡ. ಅಂಥ ದಿನ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು. ಉಳಿದದ್ದೆಲ್ಲ ಮಂಗಳವಾರಗಳೇ. ಅಂಥ ಒಂದು ದಿನವನ್ನು ಗಂಟೆ ಗಂಟೆಯಾಗಿ ನೋಡೋಣ. ಐದೂವರೆಗೆ ಮೈದಾನ. ಎಂಟಕ್ಕೆ ಅಭ್ಯಾಸ ಮುಗಿಯಿತು. ಮೆಸ್ಸಿನಲ್ಲಿ ತಿಂಡಿ ಎಷ್ಟು ಹೊತ್ತಿನವರೆಗೆ? ಎಂಟೂಕಾಲಕ್ಕೆ ಪಾತ್ರೆ ತೊಳೆದಿಟ್ಟರೆ ನಿನ್ನ ಪಾಲಿಗೆ ಬರುವುದು ಪಾತ್ರೆಯ ತಳದ ಉಪ್ಪಿಟ್ಟು. 300 ಮೀಟರ್ ರಿಪಿಟೇಶನ್ ಓಡಿದ ಮೈಗೆ ಅದು ಎಲ್ಲಿ ಸಾಕಾಗುತ್ತದೆ? ಮೊಟ್ಟೆ ಬೇಕು, ಮೊಳಕೆ ಕಾಳು ಬೇಕು, ಹಾಲು ಬೇಕು. ಒಂಬತ್ತಕ್ಕೆ ತರಗತಿ. ಸ್ನಾನ ಮಾಡಿ, ತಲೆ ಒಣಗುವ ಮುಂಚೆ ಬೆಂಚಿನ ಮೇಲೆ. ಹನ್ನೊಂದಕ್ಕೆ ಕಣ್ಣು ಎಳೆಯುತ್ತದೆ. ಎರಡರಿಂದ ಐದು ಲ್ಯಾಬು. ಸಂಜೆಯ ಅಭ್ಯಾಸ ನಾಲ್ಕೂವರೆಗೆ. ಈ ಅರ್ಧ ಗಂಟೆಯಲ್ಲಿ ನಿನ್ನನ್ನು ಯಾರು ಬಿಡುತ್ತಾರೆ? ಲ್ಯಾಬಿನ ಮೇಡಂ ಬಿಡುತ್ತಾರೋ, ಕೋಚ್ ತಡೆದುಕೊಳ್ಳುತ್ತಾರೋ? ಇಬ್ಬರೂ ಬಿಡದೆ ಹೋದರೆ ವರ್ಷಪೂರ್ತಿ ನೀನು ಒಬ್ಬರಿಗೆ ಸುಳ್ಳು ಹೇಳಿಕೊಂಡು ಬದುಕಬೇಕಾಗುತ್ತದೆ. ಒಳ್ಳೆಯ ಮಕ್ಕಳು ಹೀಗೆ ಸುಳ್ಳಿನ ಅಭ್ಯಾಸಕ್ಕೆ ಬಿದ್ದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಕಾಲಿಗಿಂತ ಮೊದಲು ಮುಖ ಬಾಡುತ್ತದೆ.

ಎಂಜಿನಿಯರಿಂಗ್‌ನ ಸಂಗತಿಯನ್ನೂ ಹೇಳಿಬಿಡುತ್ತೇನೆ. ವಿಟಿಯುನಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು. ಆಟ, ಅನಾರೋಗ್ಯದಂಥ ಸರಿಯಾದ ಕಾರಣವಿದ್ದರೆ ಶೇ. 10ರವರೆಗೆ ಮನ್ನಾ ಸಿಗಬಹುದು. ಕ್ಯಾಂಪು, ಕೂಟ, ರೈಲು ಪ್ರಯಾಣ ಎಲ್ಲ ಸೇರಿದರೆ ಆ ರಿಯಾಯಿತಿ ಬೇಗ ಕರಗುತ್ತದೆ. ಹಾಗೆಂದು ಎಂಜಿನಿಯರಿಂಗ್ ಬೇಡ ಎನ್ನುತ್ತಿಲ್ಲ. ನಿನಗೆ ಯಂತ್ರದ ಹುಚ್ಚಿದ್ದರೆ ಹೋಗು, ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಪ್ರಮಾಣಪತ್ರ ತೋರಿಸಿ ಅದನ್ನೂ ಕೇಳು. ಮಾವನ ಮೆಚ್ಚುಗೆಗೆ ಮಾತ್ರ ಹೋಗಬೇಡ. ನಮ್ಮಲ್ಲಿ ಒಬ್ಬ 800 ಮೀಟರ್ ಹುಡುಗನಿದ್ದ, ಉಸಿರಾಟ ನೋಡಿದರೇ ಓಟಗಾರ ಎಂದು ಗೊತ್ತಾಗುತ್ತಿತ್ತು. ತಂದೆಯ ಮಾತಿಗೆ ಕಟ್ಟುಬಿದ್ದು ಎಂಜಿನಿಯರಿಂಗ್ ಸೇರಿದ. ಓಟ ಬಿಟ್ಟರೆ ಓದಿಗೆ ಹೊತ್ತು ಸಿಗುತ್ತದೆ ಎಂದು ಮನೆಯವರ ಲೆಕ್ಕ. ಹೊತ್ತು ಸಿಕ್ಕಿತು, ಓದು ಬರಲಿಲ್ಲ. ಬೆಳಿಗ್ಗೆ ಏಳುವ ಕಾರಣವೇ ಹೋಗಿತ್ತು. ಒಂಬತ್ತರವರೆಗೆ ಮಲಗುವುದು, ರಾತ್ರಿ ಎರಡರವರೆಗೆ ಮೊಬೈಲು. ಬ್ಯಾಕ್‌ಲಾಗ್ ಮೇಲೆ ಬ್ಯಾಕ್‌ಲಾಗ್. ಓಡುವ ಮಕ್ಕಳ ದಿನಕ್ಕೆ ಓಟವೇ ಬೆನ್ನೆಲುಬು, ಅದನ್ನು ಕಿತ್ತರೆ ಉಳಿದದ್ದೂ ನಿಲ್ಲುವುದಿಲ್ಲ. ಇದನ್ನು ಮಾವನಿಗೆ ಬಿಡಿಸಿ ಹೇಳು, ಕೂಗಾಡದೆ ಹೇಳು.

ಈಗ ನಿನ್ನ ಕಡೆಗೆ ಬರುತ್ತೇನೆ. ಬಿಎ ಓದುತ್ತೇನೆ ಅಂದೆಯಲ್ಲ, ಯಾವ ವಿಷಯ? ಕೇಳಿದರೆ, ಅವರು ಕೊಟ್ಟದ್ದು ಅಂದೆ. ಬಿಎ ಖಂಡಿತ ಕೀಳಲ್ಲ. ಇತಿಹಾಸವನ್ನೋ ಕನ್ನಡವನ್ನೋ ಪ್ರೀತಿಸುವ ಮಗುವಿಗೆ ಅದಕ್ಕಿಂತ ದೊಡ್ಡ ಓದಿಲ್ಲ. ಆದರೆ ನಿನ್ನ ಕೋಣೆಯ ಗೋಡೆ ನಾನು ನೋಡಿದ್ದೇನೆ ಕಣೋ. ಎರಡು ವರ್ಷದ ಪ್ರತಿಯೊಂದು ಓಟಕ್ಕೂ ನೂರು ನೂರು ಮೀಟರಿನ ಸ್ಪ್ಲಿಟ್ ಬರೆದು, ಕೆಂಪು ನೀಲಿ ಪೆನ್ನಿನಲ್ಲಿ ಗ್ರಾಫ್ ಎಳೆದು ಅಂಟಿಸಿದ್ದೀಯ. ಮೂರನೆಯ ನೂರರಲ್ಲಿ ಎಲ್ಲಿ ಕುಸಿಯುತ್ತೀಯ ಎಂದು ಬಾಣದ ಗುರುತು ಹಾಕಿ, ಪಕ್ಕದಲ್ಲಿ ಸರಾಸರಿ ಬರೆದಿದ್ದೀಯ. ಹಾಗೆ ಮಾಡು ಎಂದು ನಿನಗೆ ಯಾರೂ ಹೇಳಿರಲಿಲ್ಲ. ನಿನ್ನ ತಲೆ ಅಂಕಿಗಳ ಕಡೆ ತಾನಾಗಿ ಹೋಗುತ್ತದೆ. ಸಂಖ್ಯಾಶಾಸ್ತ್ರ ಇರುವ ಬಿಎಸ್ಸಿ ಎಂಬುದೊಂದಿದೆ ಎಂದು ಆ ಕೋಚೂ ಹೇಳಲಿಲ್ಲ, ನಿನ್ನ ಮಾವನೂ ಹೇಳಲಿಲ್ಲ. ನೀನೂ ಯೋಚಿಸಲಿಲ್ಲ.

ಸುಲಭ ಎಂದು ಆರಿಸಿದ ವಿಷಯ ಸುಲಭವಾಗಿ ಉಳಿಯುವುದಿಲ್ಲ. ದಣಿದು ಬಂದ ರಾತ್ರಿ ಪುಸ್ತಕ ಬಿಡಿಸಲು ಒಂದಿಷ್ಟು ಆಸೆಯಾದರೂ ಇರಬೇಕು. ಇಷ್ಟವಿಲ್ಲದ ಸುಲಭದ ಪಾಠ ಆಗ ಬೆಟ್ಟವಾಗುತ್ತದೆ, ಇಷ್ಟದ ಕಷ್ಟದ ಪಾಠವನ್ನು ಅರ್ಧ ನಿದ್ದೆಯಲ್ಲೂ ಎರಡು ಪುಟ ಓದಬಹುದು. ಚಿತ್ರದುರ್ಗದ ಕಡೆಯ ಒಬ್ಬ ಹುಡುಗಿ ಜಾವೆಲಿನ್ ಎಸೆಯುತ್ತಿದ್ದಳು. ಅವಳಿಗೂ ನಿನ್ನ ಹಾಗೆಯೇ ದೊಡ್ಡ ಕರೆ ಬಂದಿತ್ತು, ಲ್ಯಾಬ್ ಇರುವ ಕೋರ್ಸು ಬೇಡ ಎಂಬ ಷರತ್ತಿನ ಮೇಲೆ. ಹುಡುಗಿಗೆ ರಸಾಯನಶಾಸ್ತ್ರವೆಂದರೆ ಪ್ರಾಣ. ಒಲ್ಲೆ ಅಂದಳು. ಸಣ್ಣ ಸರ್ಕಾರಿ ಕಾಲೇಜಿಗೆ ಸೇರಿ, ಸೈಕಲ್ಲಿನಲ್ಲಿ ಹೋಗುವಷ್ಟು ದೂರದ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡಿದಳು. ಸಂಜೆ ಬರುವಾಗ ಬೆರಳ ತುದಿಯಲ್ಲಿ ಆಸಿಡ್ಡಿನ ಹಳದಿ ಕಲೆ, ಮೊಣಕೈಗೆ ಟೇಪು. ರಾಷ್ಟ್ರಮಟ್ಟದ ಪದಕ ಅವಳಿಗೆ ದಕ್ಕಲಿಲ್ಲ. ಆದರೆ ತನ್ನ ಅತ್ಯಂತ ದೂರದ ಎಸೆತ ಎಸೆದದ್ದು ಕೊನೆಯ ವರ್ಷದಲ್ಲಿ, ಪರೀಕ್ಷೆಗೆ ತಿಂಗಳಿರುವಾಗ. ಈಗ ಔಷಧ ಕಂಪನಿಯ ಪ್ರಯೋಗಾಲಯದಲ್ಲಿದ್ದಾಳೆ, ಭಾನುವಾರ ಬಡಾವಣೆಯ ಮಕ್ಕಳಿಗೆ ಎಸೆತ ಕಲಿಸುತ್ತಾಳೆ. ಅವಳ ಮುಖದಲ್ಲಿ ಕಳೆದುಕೊಂಡೆ ಎಂಬ ಭಾವ ನಾನು ಕಂಡಿಲ್ಲ. ನನಗೆ ಅದೇ ದೊಡ್ಡ ಗೆಲುವು.

ಸಣ್ಣ ಕಾಲೇಜಿಗೆ ಹೋದರೆ ನನ್ನ ಓಟ ಮುಗಿಯಿತು ಎಂದು ನೀನು ಹೆದರುವುದು ತಿಳಿಯದೆ. ಟ್ರ್ಯಾಕ್ ಊರಿನದು, ಕಾಲೇಜಿನದೇ ಆಗಬೇಕಿಲ್ಲ. ಬೆಂಗಳೂರಿನಲ್ಲಿ ಕಂಠೀರವ, ಮೈಸೂರಿನಲ್ಲಿ ಚಾಮುಂಡಿ ವಿಹಾರ, ಮಂಗಳೂರಿನಲ್ಲಿ ಮಂಗಳಾ ಕ್ರೀಡಾಂಗಣ, ಉಡುಪಿಯಲ್ಲಿ ಅಜ್ಜರಕಾಡು, ಮೂಡುಬಿದಿರೆಯಲ್ಲಿ ಸ್ವರಾಜ್ಯ ಮೈದಾನ. ಸಿಂಥೆಟಿಕ್ ಟ್ರ್ಯಾಕ್ ಇರುವ ಊರು ಆರಿಸು, ಅಲ್ಲಿ ನಿನಗೆ ಬೇಕಾದ ಓದಿರುವ ಕಾಲೇಜು ಹುಡುಕು. ಇನ್ನೂ ಒಂದು. ಅಂತರ ಕಾಲೇಜು ಕೂಟದಲ್ಲಿ ಚೆನ್ನಾಗಿ ಓಡಿದರೆ ವಿಶ್ವವಿದ್ಯಾಲಯದ ತಂಡಕ್ಕೆ ಸೇರುತ್ತೀಯ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಎದೆಯ ಮೇಲಿರುವುದು ವಿಶ್ವವಿದ್ಯಾಲಯದ ಹೆಸರು. ಐನೂರು ಮಕ್ಕಳ ಕಾಲೇಜಿನಿಂದ ಬಂದೆಯೋ ಐದು ಸಾವಿರ ಮಕ್ಕಳ ಕಾಲೇಜಿನಿಂದ ಬಂದೆಯೋ, ಸ್ಟಾರ್ಟಿಂಗ್ ಬ್ಲಾಕಿನ ಹತ್ತಿರ ಯಾರೂ ಕೇಳುವುದಿಲ್ಲ.

ಹಾಗೆಂದು ದೊಡ್ಡ ಕ್ರೀಡಾ ಕಾಲೇಜನ್ನು ನಾನು ಹಳಿಯುತ್ತಿಲ್ಲ. ಬಡ ಮನೆಯ ಮಕ್ಕಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಕೊಟ್ಟು ಬೆಳೆಸಿದ ಸಂಸ್ಥೆಗಳು ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಇವೆ. ಅವಕ್ಕೆ ಕೈ ಮುಗಿಯಬೇಕು. ಜೊತೆಗೆ ಓಡುವವರು ನಿನಗಿಂತ ಜೋರಾಗಿದ್ದರೆ ನಿನ್ನ ಕಾಲೂ ಕಲಿಯುತ್ತದೆ, ಆ ಸಂತೋಷ ಒಬ್ಬೊಬ್ಬರೇ ಓಡುವವರಿಗೆ ಸಿಗದು. ಹೋಗುವುದಾದರೆ ಕೇಳಬೇಕಾದ್ದನ್ನು ಕೇಳಿ ಹೋಗು. ಗಾಜಿನ ಕಪಾಟಿನ ತುಂಬ ಇರುವ ಕಪ್ಪುಗಳು ಕಬಡ್ಡಿಯವಾದರೆ 400 ಮೀಟರಿಗೆ ಅವುಗಳಿಂದ ಏನುಪಯೋಗ? ನಿನ್ನ ಓಟಕ್ಕೆ ಕೋಚ್ ಯಾರು? ಈಗ ಮೂರನೆಯ ವರ್ಷದಲ್ಲಿರುವ ಓಟಗಾರರು ಸೇರುವಾಗ ಎಷ್ಟಕ್ಕೆ ಓಡುತ್ತಿದ್ದರು, ಈಗ ಎಷ್ಟಕ್ಕೆ ಓಡುತ್ತಾರೆ? ಅಂಕಿಯಲ್ಲೇ ಕೇಳು, ನಿನಗೆ ಅದು ಬರುತ್ತದೆ. ಟೈಮಿಂಗ್ ಹಿಂದೆ ಹೋಗಿದ್ದರೆ ಕಾರಣ ಹುಡುಕು. ಪಾಯಿಂಟಿನ ಆಸೆಗೆ ಒಂದೇ ಕೂಟದಲ್ಲಿ 200, 400, ಎರಡೂ ರಿಲೇ ಓಡಿಸಿ ಹ್ಯಾಮ್‌ಸ್ಟ್ರಿಂಗ್ ಹರಿದುಕೊಂಡ ಮಕ್ಕಳಿದ್ದಾರೆ. ಗಾಯವಾದ ಮೇಲೆ ಹಾಸ್ಟೆಲ್ ಉಳಿಯುತ್ತದೆಯೇ, ಫೀಸು ಯಾರು ಕಟ್ಟುತ್ತಾರೆ ಎಂದು ಬರವಣಿಗೆಯಲ್ಲಿ ಕೇಳು. ಕೇಳುವುದಕ್ಕೆ ನಾಚಿಕೆ ಬೇಡ. ಅವರು ನಿನ್ನ ಟೈಮಿಂಗ್ ಕೇಳಿದರಲ್ಲ, ನೀನು ಅವರ ನಿಯಮ ಕೇಳು.

ಅಮೆರಿಕದ ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುವ ಎನ್‌ಸಿಎಎ, ಋತು ನಡೆಯುವಾಗ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದು, ವಾರಕ್ಕೊಂದು ದಿನ ಬಿಡುವು ಕೊಡಬೇಕು ಎಂದು ನಿಯಮ ಇಟ್ಟಿದೆ. ಆಟಕ್ಕೆ ಅಷ್ಟೊಂದು ದುಡ್ಡು ಸುರಿಯುವ ದೇಶವೇ ಹೀಗೊಂದು ಗೆರೆ ಎಳೆಯಬೇಕಾಯಿತು. ನಮ್ಮ ಕಾಲೇಜುಗಳಲ್ಲಿ ಆ ಗೆರೆಯನ್ನು ನೀನೇ ಎಳೆದುಕೊಳ್ಳಬೇಕು. ಇಂಟರ್ನಲ್ಸ್ ವಾರದಲ್ಲಿ ಒಂದು ಹೊತ್ತಿನ ಅಭ್ಯಾಸ ಸಾಕು ಸರ್ ಎಂದು ಹೇಳುವ ಬಾಯಿ ನಿನಗಿರಲಿ. ಒಳ್ಳೆಯ ಕೋಚ್ ಬೈಯುತ್ತಾ ಬೈಯುತ್ತಾ ಒಪ್ಪುತ್ತಾರೆ.

ಓದು ಆಟದ ಆಯಸ್ಸನ್ನೂ ಹೆಚ್ಚಿಸುತ್ತದೆ, ಅದನ್ನು ಯಾರೂ ನಿನಗೆ ಹೇಳಿಲ್ಲ. ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ 25 ವರ್ಷದವರೆಗೆ ಓಡಬಹುದು, ಆದರೆ ತರಗತಿಗೆ ಹೋಗುವ ವಿದ್ಯಾರ್ಥಿಯಾಗಿರಬೇಕು. ಪದವಿಯನ್ನು ಸಕಾಲಕ್ಕೆ ಮುಗಿಸಿ ಎಂಎಸ್ಸಿಗೋ ಎಂಕಾಂಗೋ ಸೇರಿದರೆ ಇನ್ನೆರಡು ವರ್ಷ ವಿಶ್ವವಿದ್ಯಾಲಯದ ಜೆರ್ಸಿ ನಿನ್ನದು. ಬ್ಯಾಕ್‌ಲಾಗ್ ಉಳಿಸಿಕೊಂಡು ಮನೆಯಲ್ಲಿ ಕೂತರೆ ಇಪ್ಪತ್ತೊಂದಕ್ಕೇ ಆ ಬಾಗಿಲು ಮುಚ್ಚಿತು. ನೌಕರಿಯ ಮಾತೂ ಹೀಗೆಯೇ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಕ್ರೀಡಾಪಟುಗಳಿಗೆ ಶೇ. 5ರವರೆಗೆ ಅವಕಾಶವಿದೆ, ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಜಿ ಹಾಕಬಹುದು. ಆದಾಯ ತೆರಿಗೆ ಇಲಾಖೆಯಲ್ಲಿ ಟ್ಯಾಕ್ಸ್ ಅಸಿಸ್ಟೆಂಟ್ ಆಗಲು ಪದವಿ ಬೇಕು, ಮಲ್ಟಿ ಟಾಸ್ಕಿಂಗ್ ಸ್ಟಾಫ್ ಆಗಲು ಹತ್ತನೆಯ ತರಗತಿ ಸಾಕು. ಒಂದೇ ರಿಲೇಯಲ್ಲಿ ಬ್ಯಾಟನ್ ಬದಲಿಸಿಕೊಂಡ ಇಬ್ಬರು ಒಂದೇ ಕಚೇರಿಗೆ ಸೇರಿ, ಒಬ್ಬರು ಮೇಜಿನ ಆಚೆ ಕೂತರೆ ಇನ್ನೊಬ್ಬರು ಫೈಲು ಹೊತ್ತು ಈಚೆ ನಿಲ್ಲುವುದಕ್ಕೆ ಅಷ್ಟೇ ಕಾರಣ. ಕೋಚ್ ಆಗುತ್ತೇನೆ ಅನ್ನುತ್ತೀಯ. ಪಟಿಯಾಲದ ಕೋಚಿಂಗ್ ಡಿಪ್ಲೊಮಾಗೂ ಪದವಿ ಕೇಳುತ್ತಾರೆ.

ಇನ್ನೊಂದನ್ನು ಗದರಿಸಿಯೇ ಹೇಳಬೇಕು. ಹಾಸ್ಟೆಲ್ ಕೋಣೆಯಲ್ಲಿ ಯಾರಾದರೂ ಸಣ್ಣ ಶೀಶೆ ತೋರಿಸಿ, ಇದು ವಿಟಮಿನ್ನು, ಸೀನಿಯರ್‌ಗಳೆಲ್ಲ ತಗೊಳ್ಳುತ್ತಾರೆ ಎಂದರೆ ಎದ್ದು ಹೊರಗೆ ಬಾ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮೊದಲ ಸಲವೇ ನಾಲ್ಕು ವರ್ಷದವರೆಗೆ ನಿಷೇಧ. ನಿನ್ನ ಕಾಲೇಜು ಬದುಕು ಪೂರ್ತಿ ಅದರಲ್ಲೇ ಮುಗಿಯುತ್ತದೆ. ತಂದೆತಾಯಿ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ. ಈ ವಿಷಯದಲ್ಲಿ ನನ್ನ ಹತ್ತಿರ ಚರ್ಚೆಯಿಲ್ಲ.

ಓಡುವಾಗ ನಿನಗೆ ಏನನ್ನಿಸುತ್ತದೆ ಎಂದು ಒಮ್ಮೆ ಕೇಳಿದ್ದೆ. ಕೊನೆಯ ತಿರುವಿನಲ್ಲಿ ಕಾಲು ಕಲ್ಲಾದಾಗ ಇನ್ನೂ ಸ್ವಲ್ಪ ಇದೆ ಎಂದು ಒಳಗಿನಿಂದ ಬರುತ್ತದಲ್ಲ, ಅದು ಇಷ್ಟ ಅಂದೆ. ಪದಕದ ಮಾತೇ ಎತ್ತಲಿಲ್ಲ. ಅದನ್ನು ಮರೆಯಬೇಡ ಮಗು. ಆ ಖುಷಿ ಉಳಿಯುವ ಜಾಗ ಬೇಕು, ಹಾಗೆಯೇ ಆ ಗ್ರಾಫಿನ ಖುಷಿ ಬೆಳೆಯುವ ಜಾಗ ಬೇಕು. ಎರಡರಲ್ಲಿ ಒಂದನ್ನು ನುಂಗುವ ಕಾಲೇಜು ಎಷ್ಟೇ ದೊಡ್ಡದಾದರೂ ನಿನ್ನದಲ್ಲ.

ಸೀಟು ಖಚಿತ ಮಾಡುವ ಮುಂಚೆ ಹೋಗಿ ನೋಡು. ಭಾನುವಾರ ಬೇಡ, ಕೆಲಸದ ದಿನವೇ ಹೋಗು. ಮಾವನನ್ನೂ ಕರೆದುಕೊಂಡು ಹೋಗು, ಅವರು ಮೈದಾನ ಕಂಡು ಎಷ್ಟು ವರ್ಷವಾಯಿತೋ. ಬೆಳಿಗ್ಗೆ ಐದೂವರೆಗೆ ಟ್ರ್ಯಾಕಿನ ಹತ್ತಿರ ನಿಲ್ಲು, ಹತ್ತಕ್ಕೆ ತರಗತಿಯ ಕಿಟಕಿಯಲ್ಲಿ ಇಣುಕು, ಲೈಬ್ರರಿಯಲ್ಲಿ ಟ್ರ್ಯಾಕ್‌ಸೂಟ್ ಹಾಕಿದವರು ಯಾರಾದರೂ ಕೂತಿದ್ದಾರೆಯೇ ನೋಡು. ಕೋಚ್ ಇಲ್ಲದ ಹೊತ್ತಿನಲ್ಲಿ ಮೂರನೆಯ ವರ್ಷದ ಓಟಗಾರರನ್ನು ಮಾತಾಡಿಸು. ವಾಪಸ್ ಬಂದು ನನಗೆ ಫೋನ್ ಮಾಡು. ಕಾಲೇಜಿನ ಹೆಸರು ಆಮೇಲೆ ಹೇಳುವಿಯಂತೆ, ಮೆಸ್ಸಿನಲ್ಲಿ ತಿಂಡಿ ಎಷ್ಟು ಗಂಟೆಯವರೆಗೆ ಸಿಗುತ್ತದೆ ಎಂದು ಮೊದಲು ಹೇಳು.